ಕಪ್ಪೆಗೆ ಹೊಸ ಮುಂಗಾಲು

ನಮ್ಮ ಮನೆಯವರೂ ನಮ್ಮ ಅಳಿಯನೂ ಎರಡು ವರ್ಷದಿಂದ ಮಾತು ಬಿಟ್ಟಿದ್ದರು ಎಂದರೆ ಯಾರೂ ನಂಬುತ್ತಿರಲಿಲ್ಲ. ಏಕೆಂದರೆ ಇಬ್ಬರೂ ದಿನವಿಡೀ ಮಾತಾಡುತ್ತಲೇ ಇದ್ದರು. ಆ ಮಾತೆಲ್ಲ ನಮ್ಮ ಮಗಳ ಮೂಲಕ ಹೋಗಿ ಬರುತ್ತಿತ್ತು, ಅಷ್ಟೆ.

ಕೆಳಗಿನ ಮನೆಯಲ್ಲಿ ನಾವು, ಮೇಲಿನ ಮನೆಯಲ್ಲಿ ಅವರು, ಮಧ್ಯದ ಮೆಟ್ಟಿಲ ಮೇಲೆ ಯಾವಾಗಲೂ ಪುಟ್ಟಿ. "ಪುಟ್ಟೀ, ನಿನ್ನ ಗಂಡನಿಗೆ ಹೇಳು, ನೀರಿನ ಮೋಟಾರು ಆಫ್ ಮಾಡ್ಲಿ" ಎಂದು ಇವರು ಕೆಳಗಿನಿಂದ ಹೇಳುತ್ತಿದ್ದರು. "ನಿಮ್ಮಪ್ಪನಿಗೆ ಹೇಳು, ಅದು ಆಫ್ ಆಗಿ ಒಂದು ಗಂಟೆಯಾಯ್ತು" ಎಂದು ಅವನು ಮೇಲಿನಿಂದ ಹೇಳುತ್ತಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳಿಟ್ಟಿದ್ದಾರೆ. ಮಾವ ಅಳಿಯನ ಜಗಳ ಎಲ್ಲಿಯ ತನಕ ಎಂದು ಹೇಳುವುದನ್ನು ಮರೆತಿದ್ದಾರೆ.

ಜಗಳ ಹುಟ್ಟಿದ್ದು ನಮ್ಮ ಹಳೆಯ ಕಾರಿನಿಂದ. ನಾವು ಅದನ್ನು ಕಪ್ಪೆ ಎನ್ನುತ್ತೇವೆ. ಬಣ್ಣ ಹಸಿರು, ಅದೊಂದು ಕಾರಣ. ಮುಂದಿನ ಸ್ಪ್ರಿಂಗುಗಳು ಸೋತುಹೋಗಿ ಅಂಗೈಯಗಲದ ಗುಂಡಿ ಸಿಕ್ಕರೂ ಕುಪ್ಪಳಿಸುತ್ತಿತ್ತು, ಅದು ಇನ್ನೊಂದು ಕಾರಣ. ಎರಡು ವರ್ಷದ ಹಿಂದೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಅಳಿಯ, "ಮಾವ, ಇದನ್ನ ಗುಜರಿಗೆ ಹಾಕ್ಬಿಡಿ" ಎಂದ. "ಹಳೇದನ್ನೆಲ್ಲ ಗುಜರಿಗೆ ಹಾಕೋದಾದ್ರೆ ಮೊದಲು ನನ್ನ ಹಾಕಪ್ಪ" ಎಂದರು ಇವರು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು, ಅಳಿಯ ನಕ್ಕುಬಿಟ್ಟ. ಅವನು ನಕ್ಕದ್ದು ತಮಾಷೆಗೆ. ಇವರು ಅದನ್ನು ಒಪ್ಪಿಗೆ ಎಂದುಕೊಂಡರು.

ಇವರು ಗಡಿಯಾರ ರಿಪೇರಿ ಮಾಡಿ ಬದುಕಿದವರು. ಕೂದಲಿನಷ್ಟು ಸಣ್ಣ ಸ್ಪ್ರಿಂಗನ್ನು ಚಿಮುಟದಲ್ಲಿ ಎತ್ತಿ ಕೂರಿಸಿದ ಕೈ ಅದು. ಕಣ್ಣು ಮಂಜಾಗುತ್ತ ಬಂದದ್ದರಿಂದ ಅಂಗಡಿ ಮುಚ್ಚಿದರು, ಕಾರು ಓಡಿಸುವುದನ್ನೂ ಬಿಟ್ಟರು. ಆದರೆ ಕಣ್ಣಿನ ಸುದ್ದಿಯನ್ನು ಅವರೆದುರು ಎತ್ತುವ ಹಾಗಿಲ್ಲ. "ಬೆಳಕು ಸಾಲದು" ಎನ್ನಬೇಕು. ನಡು ಮಧ್ಯಾಹ್ನ ಬಿಸಿಲಲ್ಲಿ ನಿಂತಿದ್ದರೂ ಬೆಳಕೇ ಸಾಲದು. ಅಳಿಯ ಲಿಫ್ಟ್ ರಿಪೇರಿಯವನು. ದಿನಾ ಜನರನ್ನು ಹಗ್ಗದಲ್ಲಿ ಮೇಲೆ ಕೆಳಗೆ ಕಳಿಸುವವನಿಗೆ ಮನೆಯ ಹಿರಿಯರನ್ನು ದಾರಿಗೆ ತರುವುದು ತಿಳಿಯಲಿಲ್ಲ. ದೀಪದ ಬುಡದಲ್ಲೇ ಕತ್ತಲು.

ಇನ್ನು ನಮ್ಮ ಪುಟ್ಟಿ. ನೀರು ಸರಬರಾಜಿನ ಕಚೇರಿಯಲ್ಲಿ ದೂರು ಕೇಳುವ ಮೇಜಿನಲ್ಲಿ ಅವಳ ಕೆಲಸ. ಕೆಂಡ ಕಾರುತ್ತ ಬಂದವರನ್ನು ತಣ್ಣಗೆ ಮಾಡಿ ಕಳಿಸಬೇಕು. ಆ ಅಭ್ಯಾಸವನ್ನು ಮನೆಗೂ ತಂದಿದ್ದಳು. ಲೋಕದಲ್ಲಿ ಜನ ಒಂದು ಮಾತನ್ನು ದಾಟಿಸುವಾಗ ಉಪ್ಪು ಖಾರ ಹಚ್ಚುತ್ತಾರೆ. ಇವಳು ಇದ್ದ ಉಪ್ಪು ಖಾರವನ್ನು ಚೆನ್ನಾಗಿ ತೊಳೆದು ದಾಟಿಸುತ್ತಿದ್ದಳು. "ಆ ಅವಿವೇಕಿಗೆ ಹೇಳು" ಎಂದು ಕೆಳಗಿನಿಂದ ಹೊರಟದ್ದು ಮೇಲೆ ತಲುಪುವಾಗ "ಅಪ್ಪ ಕೇಳ್ತಿದ್ರು" ಎಂದಾಗಿರುತ್ತಿತ್ತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎರಡು ವರ್ಷ ಹಾವು ಆರಾಮಾಗಿ ಮನೆಯಲ್ಲೇ ಇತ್ತು.

ಜೀವಮಾನವೆಲ್ಲ ಹೊಲಿಗೆ ಯಂತ್ರದ ಮೇಲೆ ಬಗ್ಗಿ ಕೂತ ನನ್ನ ಬೆನ್ನಿಗೆ ಈ ವರ್ಷ ಆಪರೇಷನ್ ಆಯಿತು. ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ವಾರಕ್ಕೊಮ್ಮೆ ವ್ಯಾಯಾಮ ಮಾಡಿಸುವವರ ಹತ್ತಿರ ಹೋಗಬೇಕು. ಹೋಗುವ ದಾರಿ ತುಂಬ ಹಂಪುಗಳು. ವ್ಯಾಯಾಮ ಮಾಡಿಸುವ ಹುಡುಗಿ ಒಂದು ಗಂಟೆ ಪಟ್ಟ ಶ್ರಮವನ್ನು ಕಪ್ಪೆ ವಾಪಸು ಬರುವಷ್ಟರಲ್ಲಿ ನೀರಿನಲ್ಲಿ ಹೋಮ ಮಾಡುತ್ತಿತ್ತು. ಕಾರು ಓಡಿಸುವವನು ಅಳಿಯ, ನನ್ನನ್ನು ಹಿಡಿದು ಇಳಿಸುವವರು ಇವರು, "ಎಡಕ್ಕೆ ತಿರುಗಿಸೋಕೆ ಹೇಳು", "ಗೊತ್ತು ಅಂತ ಹೇಳು" ಎಂಬುದನ್ನು ದಾಟಿಸಲು ಪುಟ್ಟಿ. ಒಬ್ಬಳು ರೋಗಿಗೆ ಮೂವರ ಮೆರವಣಿಗೆ.

ಒಂದು ದಿನ ಬೆಳಿಗ್ಗೆ ನನ್ನ ಬೆಲ್ಟು ಬಿಗಿಯುತ್ತ ಪುಟ್ಟಿ, ಏನೋ ಸಾಮಾನ್ಯ ವಿಷಯವೆನ್ನುವ ಹಾಗೆ, "ಅಮ್ಮ, ಬೇರೆ ಊರಲ್ಲಿ ಹೊಸ ಕಚೇರಿ ಶುರು ಮಾಡ್ತಿದ್ದಾರೆ. ಅದನ್ನ ನಡೆಸೋಕೆ ನನ್ನ ಕೇಳಿದ್ದಾರೆ, ಒಂದು ವರ್ಷಕ್ಕೆ. ಬೇಡ ಅಂತೀನಿ" ಎಂದಳು.

"ಯಾಕೆ ಬೇಡ?"

"ನಾನು ಹೋದ್ರೆ ಈ ಇಬ್ಬರು ಏನ್ ಮಾಡ್ತಾರೆ? ನಿನ್ನ ಬೆನ್ನು ಬೇರೆ ಹೀಗಿದೆ. ಹೇಳೋರು ಕೇಳೋರು ಇಲ್ದೆ ನಡು ರಸ್ತೇಲಿ ನಿನ್ನ ಬಿಟ್ಟು ಜಗಳಕ್ಕೆ ನಿಲ್ತಾರೆ."

"ನಿನ್ನ ಗಂಡ ಏನಂದ?"

"ಹೋಗು ಅಂದ್ರು. ಅಪ್ಪಾನೂ ಹೋಗು ಅಂದ್ರು. ಬೇರೆ ಬೇರೆಯಾಗಿ."

ನನಗೆ ಉರಿದುಹೋಯಿತು. ಬುದ್ಧಿವಂತ ಹುಡುಗಿ, ಕೇಳಿಕೊಂಡು ಬಂದ ಅವಕಾಶ. ಅದನ್ನು ಇಬ್ಬರು ಗಂಡಸರ ಬಿಗುಮಾನಕ್ಕೆ ಬಲಿ ಕೊಡಬೇಕೆ? ಸೋಮವಾರ ಉತ್ತರ ಹೇಳಬೇಕಿತ್ತು. ಬೈದರೆ ಬಗ್ಗುವ ಪೈಕಿ ಇಬ್ಬರೂ ಅಲ್ಲವೆಂದು ನನಗೆ ಗೊತ್ತಿತ್ತು. ಹಾಗಾಗಿ ಬಿಡಿಭಾಗಗಳ ಅಂಗಡಿಗೆ ಫೋನ್ ಮಾಡಿದೆ.

ಅಂಗಡಿಯವನು ವಿವರವಾಗಿ ಹೇಳಿದ. ಮುಂದಿನ ಒಂದೊಂದು ಚಕ್ರದ ಮೇಲೂ ಒಂದು ದಪ್ಪ ಕೊಳವೆ ಇರುತ್ತದೆ, ಅದಕ್ಕೆ ಸ್ಟ್ರಟ್ ಎನ್ನುತ್ತಾರೆ. ಅದರ ಸುತ್ತ ಸುರುಳಿ ಸ್ಪ್ರಿಂಗ್. ಎರಡು ಕಡೆಯದನ್ನೂ ಒಟ್ಟಿಗೇ ಬದಲಾಯಿಸಬೇಕು. "ಆದ್ರೆ ಇದು ಒಬ್ಬರ ಕೈಲಿ ಆಗೋ ಕೆಲಸ ಅಲ್ಲಮ್ಮ. ಒಬ್ಬರು ಕೆಳಗಿಂದ ಎತ್ತಿ ಹಿಡೀಬೇಕು, ಇನ್ನೊಬ್ಬರು ಮೇಲಿಂದ ನಟ್ಟು ಹಾಕ್ಬೇಕು" ಎಂದ. ನನಗೆ ಬೇಕಾಗಿದ್ದದ್ದು ಆ ಒಂದು ಮಾತು. ಆವತ್ತೇ ಕಳಿಸಿಕೊಡಲು ಹೇಳಿದೆ.

ರಾತ್ರಿ ಊಟಕ್ಕೆ ಮೊದಲು, "ನನ್ನ ಬೆನ್ನು ಇನ್ನು ತಡೆಯೋದಿಲ್ಲ. ಕಪ್ಪೇನ ಗ್ಯಾರೇಜಿಗೆ ಬಿಡ್ತೀನಿ" ಎಂದೆ. ಇವರು ಎದ್ದು ನಿಂತರು. "ಸ್ಪ್ರಿಂಗ್ ಇರೋ ಸಾಮಾನನ್ನ ನಾನಿರುವಾಗ ಇನ್ನೊಬ್ಬರ ಕೈಗೆ ಕೊಡ್ತೀಯಾ?" ಎಂದರು. ಮೆಟ್ಟಿಲ ಮೇಲಿದ್ದ ಅಳಿಯ, "ಅತ್ತೆ, ಎಂಟು ಮಹಡಿ ಎತ್ತಿ ಇಳಿಸೋನಿಗೆ ಇದ್ಯಾವ ಲೆಕ್ಕ, ಭಾನುವಾರ ನಾನೊಬ್ಬನೇ ಮುಗಿಸ್ತೀನಿ" ಎಂದ. ನಾನು ಇಬ್ಬರಿಗೂ ಆಗಲಿ ಎಂದೆ.

ಭಾನುವಾರ ಬೆಳಿಗ್ಗೆ ಕಪ್ಪೆಯನ್ನು ಅರ್ಧ ಶೆಡ್ಡಿನ ಒಳಗೆ, ಅರ್ಧ ಹೊರಗೆ ನಿಲ್ಲಿಸಿದರು. ಜಾಕ್ ಹಾಕಿ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡುಗಳನ್ನು ಕೊಟ್ಟು, ಮುಂದಿನ ಎರಡೂ ಚಕ್ರ ಬಿಚ್ಚಿದರು. ಅಳಿಯ ಹೊರಗೆ ಚಕ್ರದ ಗೂಡಿನೊಳಗೆ ತಲೆ ತೂರಿಸಿ ಕೂತ. ಇವರು ಶೆಡ್ಡಿನ ಒಳಮೂಲೆಯಲ್ಲಿ ತಮ್ಮ ಹಳೇ ಮೇಜಿನ ಮುಂದೆ ರೇಡಿಯೋ ಹಚ್ಚಿಕೊಂಡು ನಿಂತರು. ಸ್ಪ್ರಿಂಗನ್ನು ಎರಡು ಕಡೆ ಕ್ಲಾಂಪಿನಿಂದ ಬಿಗಿದು ಅದುಮಿ ಸ್ಟ್ರಟ್ಟಿಗೆ ಜೋಡಿಸುವುದು ಇವರ ಪಾಲು, ಅದನ್ನು ಕಾರಿಗೆ ಕೂರಿಸುವುದು ಅವನ ಪಾಲು. ಹಾಗೆಂದು ಯಾರು ಯಾವಾಗ ಒಪ್ಪಂದ ಮಾಡಿದರೋ, ಪುಟ್ಟಿಯನ್ನೇ ಕೇಳಬೇಕು. ನನಗೆ ನಡುವೆ ನೆಟ್ಟಗಿನ ಕುರ್ಚಿ, ಬೆನ್ನಿಗೊಂದು ದಿಂಬು. ಎರಡೂ ಕಡೆಯ ಮಾತು ಕೇಳುವ ಜಾಗವೆಂದರೆ ಅದೊಂದೇ.

"ಆ ಮಹಾನುಭಾವನಿಗೆ ಹೇಳು, ಬ್ರೇಕಿನ ಪೈಪು ಜೋತು ಬೀಳಿಸ್ಬಾರ್ದು, ಅದೇನು ಅವನ ಲಿಫ್ಟಿನ ಹಗ್ಗ ಅಲ್ಲ" ಎಂದರು ಇವರು.

ಪುಟ್ಟಿ ಹೊರಗೆ ಹೋಗಿ, "ರೀ, ಬ್ರೇಕ್ ಪೈಪು ಜೋಪಾನ ಅಂತೆ" ಎಂದಳು.

ಗೂಡಿನೊಳಗಿನಿಂದ ಅಳಿಯ, "ನಿಮ್ಮಪ್ಪನಿಗೆ ಹೇಳು, ಗಡಿಯಾರದ ಸ್ಪ್ರಿಂಗ್ ಹಾರಿದ್ರೆ ಮಂಚದ ಕೆಳಗೆ ಹುಡುಕ್ಬಹುದು. ಇದು ಹಾರಿದ್ರೆ ಜನ ನಮ್ಮನ್ನ ಹುಡುಕ್ಬೇಕಾಗುತ್ತೆ. ಎರಡು ಕಡೆ ಕ್ಲಾಂಪನ್ನೂ ಸಮವಾಗಿ ತಿರುಗಿಸ್ಲಿ" ಎಂದ.

ಪುಟ್ಟಿ ಒಳಗೆ ಬಂದು, "ಅಪ್ಪಾ, ಕ್ಲಾಂಪು ಎರಡೂ ಕಡೆ ಸಮವಾಗಿ ತಿರುಗಿಸ್ಬೇಕಂತೆ. ಮಾವನ ಕೈ ನುರಿತ ಕೈ, ನಾನು ಹೇಳೋದೇನಿದೆ ಅಂದ್ರು" ಎಂದಳು.

ಕೊನೆಯ ಮಾತು ಅವಳ ಕೈಯಿಂದ ಹಾಕಿದ್ದು. ಇವರು "ಹೂಂ" ಎಂದು ಮೀಸೆಯೊಳಗೆ ನಕ್ಕರು. ನಾನು ದಿಂಬು ಸರಿಮಾಡಿಕೊಂಡೆ.

ಹಳೇ ಸ್ಟ್ರಟ್ಟುಗಳು ಹೊರಗೆ ಬಂದವು. ಒಂದರಲ್ಲಿ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿತ್ತು, ಅದರ ಸ್ಪ್ರಿಂಗಿನ ತುದಿ ಒಂದು ಗೇಣು ಮುರಿದೇ ಹೋಗಿತ್ತು. ಮುರಿದ ಸ್ಪ್ರಿಂಗಿನ ಮೇಲೆ ಇಷ್ಟು ದಿನ ನನ್ನನ್ನು ಮೆರೆಸಿದ್ದಕ್ಕೆ ಇಬ್ಬರಿಗೂ ಒಂದೊಂದು ನೋಟ ಕೊಟ್ಟೆ. ಆಮೇಲೆ ಅಳಿಯ ಹೊರಗಿನಿಂದ ಹೇಳಿದ: "ಹೊಸದ್ರಲ್ಲಿ ಎಡದ್ದೇ ಬೇರೆ, ಬಲದ್ದೇ ಬೇರೆ. ಬ್ರೇಕ್ ಪೈಪು ಕೂರಿಸೋ ಕ್ಲಿಪ್ಪು ಒಂದೊಂದರಲ್ಲಿ ಒಂದೊಂದು ಕಡೆ ಇದೆ. ಎಡಕ್ಕೆ ಎಲ್, ಬಲಕ್ಕೆ ಆರ್ ಅಂತ ಅಕ್ಷರ ಹೊಡೆದಿದ್ದಾರೆ, ನೋಡಿ ತಗೊಳ್ಳೋಕೆ ಹೇಳು. ಕಣ್ಣು ಕಾಣ್ಸಲ್ಲ ಅಂದ್ರೆ ಕಾಣ್ಸಲ್ಲ ಅಂತ ಒಪ್ಕೊಳ್ಳೋಕೂ ಹೇಳು."

ಪುಟ್ಟಿ ಒಳಗೆ ಬಂದಳು. ಇವರು ಹೊಸ ಸ್ಟ್ರಟ್ಟನ್ನು ಮೂಗಿಗೆ ಹತ್ತಿರ ಹಿಡಿದು ತಿರುಗಿಸುತ್ತಿದ್ದರು.

"ಅಪ್ಪಾ... ಬೆಳಕು ಸಾಕಾ ಅಂತ ಕೇಳಿದ್ರು."

"ಸಾಕು, ಸಾಕು" ಎಂದರು ಇವರು, ತುಂಬ ಸಂತೋಷದಿಂದ.

ನಾನು ಬಾಯಿ ಹಾಕಬಹುದಿತ್ತು. ಹಾಕಲಿಲ್ಲ. ಹುಣ್ಣು ಒಡೆಯದೆ ವಾಸಿಯಾಗುವುದಿಲ್ಲ.

ಇವರು ಜೋಡಿಸಿ ಕೊಟ್ಟರು. ಅಳಿಯ ಅದನ್ನು ಗೂಡಿನೊಳಗೆ ಎತ್ತಿ ಹಿಡಿದ, ಇವರು ಬಂದು ಬಾನೆಟ್ಟಿನ ಕೆಳಗೆ ಮೇಲಿನ ಮೂರು ನಟ್ಟು ಹಾಕಿ ಒಂದಕ್ಷರ ಆಡದೆ ಮೇಜಿಗೆ ವಾಪಸಾದರು. ಕೆಳಗಿನ ಎರಡು ಬೋಲ್ಟು ಸುತ್ತಿಗೆಯ ಪೆಟ್ಟು ತಿಂದು ಕೂತವು. ಬೆವರು ಒರೆಸಿಕೊಂಡು ಅಳಿಯ ಬ್ರೇಕ್ ಪೈಪನ್ನು ಕ್ಲಿಪ್ಪಿಗೆ ಕೂರಿಸಲು ಹೋದರೆ ಪೈಪು ಈ ಕಡೆ, ಕ್ಲಿಪ್ಪು ಆ ಕಡೆ.

"ಎಡದ್ದನ್ನ ಬಲಕ್ಕೆ ಕೊಟ್ಟಿದ್ದಾರೆ!" ಎಂದು ಅವನು ಗೂಡಿನಿಂದ ತಲೆ ಹೊರಗೆಳೆದ. "ನೋಡಿ ಕೊಡಿ ಅಂತ ಹೇಳಿ ಕಳಿಸಿದ್ನಲ್ಲ!"

ಈ ಸಲ ರೇಡಿಯೋ ದಾಟಿ ಕೇಳಿಸಿತು. ಇವರು ಹೊರಗೆ ಬಂದರು. "ಪುಟ್ಟೀ, ಅವನು ನನಗೆ ಹೇಳಿ ಕಳಿಸಿದ್ದು ಬೆಳಕಿನ ವಿಷಯ ಅಲ್ವೇನೇ?"

"ಬೆಳಕಾ? ಯಾವ ಬೆಳಕು?" ಎಂದ ಅಳಿಯ.

ಇಬ್ಬರೂ ಅವಳನ್ನು ನೋಡಿದರು. ಪುಟ್ಟಿ ಕೈಯಲ್ಲಿದ್ದ ಎಣ್ಣೆ ಬಟ್ಟೆಯನ್ನು ಹಿಂಡುತ್ತ ನಿಂತಿದ್ದಳು. ನಾನು ಹೆತ್ತವಳು, ಆ ಮುಖವನ್ನು ಸರಿಯಾಗಿ ನೋಡಿದೆ. ಇಷ್ಟು ಚಿಕ್ಕ ವಯಸ್ಸಿಗೆ ಎಷ್ಟು ದಣಿದಿದ್ದಾಳೆ ಎಂದು ಆಗ ಕಂಡಿತು.

"ಹೌದು, ಹೇಳಲಿಲ್ಲ" ಎಂದಳು. "ನೀವು ಹೇಳಿದ್ದನ್ನೆಲ್ಲ ಹಾಗ್ಹಾಗೇ ಹೇಳಿದ್ದಿದ್ರೆ ಈ ಮನೆ ಯಾವತ್ತೋ ಎರಡಾಗ್ತಿತ್ತು. ಅವರ ಮಾತಿನ ಅರ್ಧ ನುಂಗಿದೀನಿ, ಅಪ್ಪಾ, ನಿನ್ನ ಮಾತಿನ ಅರ್ಧ ನುಂಗಿದೀನಿ. ನನಗೆ ಅಜೀರ್ಣ ಆಗಿದೆ. ಇನ್ನು ಆಗಲ್ಲ." ಬಟ್ಟೆಯನ್ನು ನೆಲಕ್ಕೆ ಬಿಸಾಡಿ ಮೆಟ್ಟಿಲು ಹತ್ತಿದಳು. ಮೇಲೆ ಬಾಗಿಲು ಧಡ್ ಎಂದು ಮುಚ್ಚಿತು.

ಕಪ್ಪೆ ಮುಂಗಾಲಿಲ್ಲದೆ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಇಬ್ಬರು ಗಂಡಸರೂ ಆಕಾಶ ನೋಡಿದರು. ತಪ್ಪು ಸ್ಟ್ರಟ್ಟನ್ನು ಬಿಚ್ಚಬೇಕಿತ್ತು, ಅದಕ್ಕೂ ಇಬ್ಬರು ಬೇಕಿತ್ತು.

"ಆಯ್ತಪ್ಪ" ಎಂದೆ. "ಇನ್ಮೇಲೆ ನಾನು ದಾಟಿಸ್ತೀನಿ. ಶುರು ಮಾಡಿ."

ಇವರು ಬಾನೆಟ್ಟಿನೊಳಗೆ ಬಗ್ಗಿ, ನಟ್ಟು ಸಡಿಲಿಸುತ್ತ ಗೊಣಗಿದರು: "ಅವನಿಗೆ ಹೇಳು, ಕೆಳಗಿಂದ ಗಟ್ಟಿಯಾಗಿ ಎತ್ತಿ ಹಿಡೀಲಿ. ತಿಂದಿದ್ದೆಲ್ಲ ಎಲ್ಲಿಗೆ ಹೋಗುತ್ತೋ."

ನಾನು ಬೀದಿಯ ಕೊನೆಗೆ ಕೇಳುವ ದನಿಯಲ್ಲಿ, "ಅಳಿಯಂದಿರೇ! ಕೆಳಗಿಂದ ಗಟ್ಟಿಯಾಗಿ ಎತ್ತಿ ಹಿಡೀಬೇಕಂತೆ. ನೀವು ತಿಂದಿದ್ದೆಲ್ಲ ಎಲ್ಲಿಗೆ ಹೋಗುತ್ತೆ ಅಂತ ನಿಮ್ಮ ಮಾವ ಕೇಳ್ತಿದ್ದಾರೆ" ಎಂದೆ.

ಬಾನೆಟ್ಟಿನಿಂದ ಇವರ ತಲೆ ಹೊರಬಂತು. "ಏನೇ ಇದು! ಅದನ್ನೂ ಹೇಳೋದಾ?"

"ಹೇಳು ಅಂದ್ರಲ್ಲ."

ಕೆಳಗೆ ಒಂದು ಸ್ಪ್ಯಾನರು ಠಣ್ ಎಂದು ಬಿತ್ತು. ಆಮೇಲೆ ಅಳಿಯ, "ಅವರಿಗೆ ಹೇಳಿ ಅತ್ತೆ, ಇದು ಕೈಗಡಿಯಾರ ಅಲ್ಲ, ಸ್ಪ್ಯಾನರಿಗೆ ಸ್ವಲ್ಪ ಮೈಬಗ್ಗಿಸಿ ಬಲ ಹಾಕ್ಬೇಕು. ಮುದ್ದು ಮಾಡಿದ್ರೆ ನಟ್ಟು ಬಿಚ್ಚಲ್ಲ" ಎಂದ.

"ರೀ! ಇದೇನು ಕೈಗಡಿಯಾರ ಅಲ್ವಂತೆ. ನಟ್ಟನ್ನ ಮುದ್ದು ಮಾಡ್ಬೇಡಿ ಅಂತ ಅಳಿಯಂದಿರು ಹೇಳ್ತಿದ್ದಾರೆ."

"ಅತ್ತೆ, ಮೆಲ್ಲಗೆ..." ಎಂದ ಅವನು.

"ನನಗೆ ಪುಟ್ಟಿ ಹಾಗೆ ತೊಳೆದು ಹೇಳೋಕೆ ಬರಲ್ಲಪ್ಪ. ನಾನು ಹೊಲಿಗೆಯವಳು. ಕೊಟ್ಟ ಬಟ್ಟೇನೇ ಹೊಲೀತೀನಿ."

ಎದುರು ಮನೆಯ ಕಿಟಕಿಯಲ್ಲಿ ಒಂದು ತಲೆ ಕಾಣಿಸಿತು. ಆಮೇಲೆ ಮಾತು ತಾನಾಗಿಯೇ ಕಡಿಮೆಯಾಯಿತು. ತಾವಾಡಿದ ಮಾತನ್ನೇ ಇನ್ನೊಬ್ಬರ ಬಾಯಲ್ಲಿ, ಬೀದಿಗೆ ಕೇಳುವ ಹಾಗೆ ಕೇಳಿಸಿಕೊಳ್ಳುವುದು ಯಾರಿಗೂ ಹಿತವಲ್ಲ. ತಪ್ಪು ಸ್ಟ್ರಟ್ಟು ಕೆಳಗಿಳಿಯಿತು. ಇವರು ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ನಿಂತರು. ಒಮ್ಮೆ ಇದನ್ನು ತಿರುಗಿಸಿದರು, ಒಮ್ಮೆ ಅದನ್ನು. ನನ್ನ ಕಡೆ ನೋಡಲಿಲ್ಲ.

ಅಳಿಯ ಕೂತಲ್ಲಿಂದಲೇ ಶುರು ಮಾಡಿದ. "ಅತ್ತೆ, ಈ ಸಲನಾದ್ರೂ ಸರಿಯಾದ್ದು ಕೊಡೋಕೆ ಹೇಳಿ. ಕಣ್ಣು..."

"ರೀ!" ಎಂದೆ ನಾನು, ದನಿ ಎತ್ತಿ.

"ಅತ್ತೆ, ಬೇಡ!"

"ಯಾಕೆ? ಅರ್ಧ ಹೇಳಿದ್ರಿ. ಮುಗಿಸಿ, ದಾಟಿಸ್ತೀನಿ."

ಅವನು ಮೇಜಿನ ಮುಂದೆ ಬಗ್ಗಿ ನಿಂತ ಮಾವನ ಬೆನ್ನನ್ನು ನೋಡಿದ. ನನ್ನನ್ನು ನೋಡಿದ. ಎದ್ದು ಪ್ಯಾಂಟಿಗೆ ಕೈ ಒರೆಸಿಕೊಂಡು, "ನಾನೇ ಹೇಳ್ತೀನಿ" ಎಂದು ಒಳಗೆ ಹೋದ. ಒಡೆದರೆ ಈಗಲೇ ಒಡೆಯಬೇಕು, ಕೂಡಿದರೆ ಈಗಲೇ.

"ಮಾವ" ಎಂದ. ಎರಡು ವರ್ಷದಲ್ಲಿ ಮೊದಲ ಸಲ. "ಈ ಅಕ್ಷರ ಬಹಳ ಸಣ್ಣದಾಗಿ ಹೊಡೆದಿದ್ದಾರೆ. ನನಗೂ ಸರಿಯಾಗಿ ಕಾಣ್ತಿಲ್ಲ. ನೀವೊಮ್ಮೆ ಬೆರಳಲ್ಲಿ ತಡವಿ ಹೇಳ್ತೀರಾ?"

ಅಕ್ಷರ ನನ್ನ ಹೆಬ್ಬೆರಳಿನಷ್ಟು ದೊಡ್ಡದಾಗಿತ್ತು. ಕುರ್ಚಿಯಲ್ಲಿ ಕೂತೇ ನಾನು ಓದಬಹುದಿತ್ತು. ಇವರಿಗೂ ಅದು ಅರ್ಥವಾಯಿತೆಂದು ನನಗೆ ಗೊತ್ತು, ಯಾಕೆಂದರೆ ಅಳಿಯನ ಮುಖವನ್ನೊಮ್ಮೆ ನೋಡಿದರು. ಆಮೇಲೆ ರೇಡಿಯೋ ಆರಿಸಿ ಬೆರಳಿಟ್ಟು ತಡವಿದರು.

"ಇದು ಆರ್" ಎಂದರು. ಬಳಿಕ, "ಬೆಳಕಲ್ಲ ಕಣಯ್ಯ. ಕಣ್ಣೇ" ಎಂದರು.

"ಹೂಂ ಮಾವ" ಎಂದ ಅಳಿಯ. ಈ ಸಲ ನಗಲಿಲ್ಲ.

ಬಹಳ ಹೊತ್ತಾದರೂ ಯಾರೂ ಕೂಗದಿದ್ದದ್ದಕ್ಕೆ ಹೆದರಿ, ಯಾರಾದರೂ ಸತ್ತರೋ ಏನೋ ಎಂದುಕೊಂಡು ಪುಟ್ಟಿ ಕೆಳಗಿಳಿದು ಬಂದಳು. ಬಾನೆಟ್ಟಿನ ಕೆಳಗೆ ಎರಡು ತಲೆಗಳಿದ್ದವು. "ಟಾರ್ಚು ನೆಟ್ಟಗೆ ಹಿಡಿಯೋ, ನನ್ನ ಮೂಗಿಗೇನು ಬಿಡ್ತೀಯ" ಎಂದರು ಇವರು. "ನಿಮ್ಮ ತಲೆ ತೆಗೀರಿ ಮಾವ, ಅದರ ನೆರಳೇ ಬೀಳ್ತಿರೋದು" ಎಂದ ಅವನು. ಪುಟ್ಟಿ ಕೊನೆಯ ಮೆಟ್ಟಿಲಲ್ಲಿ ನಿಂತು, "ನಾನೇನಾದ್ರೂ ಹೇಳ್ಬೇಕಾ?" ಎಂದಳು. ಯಾರೂ ತಿರುಗಿ ನೋಡಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ನನ್ನ ಪಕ್ಕದಲ್ಲಿ ಬಂದು ನೆಲದ ಮೇಲೆ ಕೂತಳು.

ಸಂಜೆಗೆ ಕಪ್ಪೆ ನಾಲ್ಕು ಚಕ್ರದ ಮೇಲೆ ಸಮನಾಗಿ ನಿಂತಿತು. ಸ್ಟ್ರಟ್ಟು ಬದಲಾಯಿಸಿದ ಮೇಲೆ ಚಕ್ರದ ಅಲೈನ್‌ಮೆಂಟ್ ಮಾಡಿಸಬೇಕಂತೆ, ಹಾಗೇ ನನ್ನ ಬೆನ್ನಿನ ಪರೀಕ್ಷೆಯೂ ಆಗಲಿ ಎಂದು ನಾಲ್ವರೂ ಹೊರಟೆವು. ಅಳಿಯ ಸ್ಟೀರಿಂಗಿನಲ್ಲಿ, ಇವರು ಅವನ ಪಕ್ಕದಲ್ಲಿ, ನಾವಿಬ್ಬರು ಹಿಂದೆ. ಕಾರು ನೆಟ್ಟಗೆ ಹೋಗುತ್ತಿದ್ದರೂ ಸ್ಟೀರಿಂಗು ಸೊಟ್ಟಗಿತ್ತು. ಅದು ಯಾರ ತಪ್ಪು ಎಂದು ಮುಂದೆ ಇಬ್ಬರೂ ಬಾಯ್ತುಂಬ ಜಗಳವಾಡುತ್ತಿದ್ದರು.

ಮೊದಲ ಹಂಪು ಬಂತು. ನಾನು ಅಭ್ಯಾಸದಂತೆ ಹಲ್ಲು ಕಚ್ಚಿದೆ. ಕಪ್ಪೆ ಮೆಲ್ಲಗೆ ಹತ್ತಿತು, ಮೆಲ್ಲಗೆ ಇಳಿಯಿತು. ಬೆನ್ನಿಗೆ ಸುದ್ದಿಯೇ ಮುಟ್ಟಲಿಲ್ಲ.

ಪುಟ್ಟಿ ನನ್ನ ಕಿವಿಯ ಹತ್ತಿರ ಬಗ್ಗಿ, "ಅಮ್ಮ, ಆ ಊರಿಗೆ ಹೋಗ್ತೀನಿ ಅಂತ ನಾಳೆ ಕಚೇರೀಲಿ ಹೇಳಿಬಿಡ್ಲಾ?" ಎಂದಳು. ಆ ದನಿಯಲ್ಲಿ ಎಂಥ ಆಸೆ ಇತ್ತು! ಎಷ್ಟು ದಿನದಿಂದ ಅದುಮಿಟ್ಟುಕೊಂಡಿದ್ದಳೋ.

"ಹೇಳು" ಎಂದೆ. "ಧೈರ್ಯವಾಗಿ ಹೇಳು."

ನಾನು ಹೂಡಿದ ಹೂಟವೆಲ್ಲ ಈ ಒಂದು ಮಾತಿಗಾಗಿ. ಆದರೆ ಅದು ಬಾಯಿಂದ ಹೊರಬಿದ್ದ ಮೇಲೆಯೇ ನನಗೆ ತಿಳಿದದ್ದು, ಇನ್ನು ಒಂದು ವರ್ಷ ಬೆಳಿಗ್ಗೆ ನನ್ನ ಬೆಲ್ಟು ಬಿಗಿಯಲು ಮೆಟ್ಟಿಲಿಳಿದು ಬರುವುದು ಅವಳಲ್ಲ. ಇಬ್ಬರನ್ನು ಕೂಡಿಸುವ ಭರದಲ್ಲಿ ನನ್ನ ಮಗಳನ್ನು ನಾನೇ ಕಳಿಸಿಕೊಟ್ಟಿದ್ದೆ. ಅವಳು ಹೋಗಲೇಬೇಕು ಎಂದು ಆಗಲೂ ಅನ್ನಿಸುತ್ತಿತ್ತು. ಆದರೂ ಅಳು ತಡೆಯಲಾಗಲಿಲ್ಲ.

ಇವರು ಹಿಂದಕ್ಕೆ ತಿರುಗಿ ನೋಡಿದರು. ಮಂಜುಗಣ್ಣಿಗೂ ಅದು ಕಂಡಿತು. "ಏನೇ, ಬೆನ್ನು ನೋಯ್ತಾ? ಇನ್ನೂ ಎತ್ತಿ ಹಾಕ್ತಿದೆಯಾ?"

"ಹೂಂ" ಎಂದೆ. "ಸ್ವಲ್ಪ."

"ಆಗೋದೇ ಇಲ್ಲ!" ಎಂದರು ಇಬ್ಬರೂ ಒಟ್ಟಿಗೆ.

"ಮಾವ, ಇನ್ನೊಂದು ಸಲ ಅದರ ಮೇಲೆ ಹೋಗಿ ನೋಡೋಣ್ವಾ?"

"ನಡಿ, ತಿರುಗ್ಸು. ಕಿವಿಗೊಟ್ಟು ಕೇಳ್ತೀನಿ ನಾನು, ನೀನು ಬಾಯಿ ಮುಚ್ಕೊಂಡು ಓಡ್ಸು."

ಅಳಿಯ ಕಾರು ತಿರುಗಿಸಿದ. ಕಪ್ಪೆ ಮತ್ತೆ ಆ ಹಂಪು ಹತ್ತಿ ಇಳಿಯಿತು, ತಟ್ಟೆಯಲ್ಲಿದ್ದ ನೀರೂ ತುಳುಕದ ಹಾಗೆ. ಪುಟ್ಟಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಈಗ?" ಎಂದರು ಮುಂದಿನಿಂದ.

"ಇನ್ನೂ ಇದೆ" ಎಂದೆ ಕಣ್ಣೊರೆಸಿಕೊಳ್ಳುತ್ತ. "ಇನ್ನೊಂದು ಸಲ ಹೋಗಿ."